ಟೇಶನ್ ಇದ್ದೂ ಕಾರ್ಖಾನೆ ಕಳಕೊಂಡ ಊರು

ಸಂತೆ-ಸಾಮಾನಿಗೆಂದು ಬೆಳಗಾವಿಗೆ ಬರುವ ಖಾನಾಪುರದ ಮಂದಿ ಕಿರ್ಲೋಸ್ಕರ್ ರೋಡಿನಲ್ಲಿ ದಿನಾ ಓಡಾಡುತ್ತಾರೆ. ಆ ಹೆಸರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು ಇದೇ ಊರಲ್ಲಿ ಕಾರ್ಖಾನೆ ಹಾಕಿದ್ದರು, ಇದೇ ಊರು ಅವರನ್ನು ಜಾಗದಿಂದ ಎಬ್ಬಿಸಿ ಕಳಿಸಿತು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು. ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂಬುದು ಅಲ್ಲಿ ಬಯಲಾಯಿತು. ಬಣ್ಣ ಬಿಟ್ಟರು, ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು. ಆ ಹುಡುಗನ ಕಣ್ಣು ನೆಟ್ಟಗಿದ್ದರೆ ನಮ್ಮ ರೈತರ ಕೈಗೆ ಕಬ್ಬಿಣದ ನೇಗಿಲು ಬರಲು ಇನ್ನೂ ಎಷ್ಟು ವರ್ಷ ಹಿಡಿಯುತ್ತಿತ್ತೋ!

ಆಗಿನ ಬೆಳಗಾವಿಯ ವ್ಯಾಪಾರವೆಲ್ಲ ಚಕ್ಕಡಿಯ ಮೇಲೆ. ಘಾಟು ಇಳಿದು ವೆಂಗುರ್ಲಾ ಬಂದರಕ್ಕೆ ಹೋಗಬೇಕು, ಅಲ್ಲಿಂದ ಹಡಗು. ಮಳೆಗಾಲ ಬಂತೆಂದರೆ ಎಲ್ಲ ಬಂದ್. 1887ರಲ್ಲಿ ಸದರ್ನ್ ಮರಾಠಾ ರೈಲ್ವೆ ಬೆಳಗಾವಿಗೆ ಬಂತು. ಮರುವರ್ಷ ಖಾನಾಪುರ ತಾಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ಮೇಲೆ ಗೋವೆಯ ಮುರಗಾಂವ್ ಬಂದರದ ತನಕ ಹಳಿ ಕೂಡಿತು. ವೆಂಗುರ್ಲಾದ ವ್ಯಾಪಾರ ಕುಸಿಯಿತು. ಖಾನಾಪುರದ ಕಾಡಿನ ಕಟ್ಟಿಗೆಗೆ, ಮುಂದೆ ಅಲ್ಲಿಯ ಹೆಂಚಿಗೆ, ದೂರದ ಪೇಟೆಯ ದಾರಿ ತೆರೆಯಿತು. ಒಂದು ಕಡೆ ಉಳಿತಾಯವಾದರೆ ಇನ್ನೊಂದು ಕಡೆ ಯಾರದೋ ಅನ್ನ ಹೋಗುತ್ತದೆ. ಸರಕು ಸಾಗಾಟ ಸುಧಾರಿಸಿತು ಎಂದು ಲೆಕ್ಕ ಹಾಕುವವರು ಈ ಎರಡನೇ ಕಲಮನ್ನು ಬರೆಯುವುದೇ ಕಮ್ಮಿ.

ಅದೇ 1888ರಲ್ಲಿ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ಬೆಳಗಾವಿಯಲ್ಲಿ ಶುರುವಾಯಿತು. ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತ ಅಲ್ಲಿಂದ ಸೈಕಲ್ ಕಳಿಸುವುದು, ಅಣ್ಣ ರಾಮುಅಣ್ಣ ಇಲ್ಲಿ ಮಾರುವುದು. ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬನ ಪಾಲಾಯಿತು. ಲಕ್ಷ್ಮಣರಾಯರು ನೌಕರಿಗೆ ಶರಣು ಹೊಡೆದು ಊರಿಗೆ ಬಂದುಬಿಟ್ಟರು.

ಮೊದಲು ಕಣಿಕೆ ಕತ್ತರಿಸುವ ಯಂತ್ರ ಮಾಡಿದರು. 1903ರಲ್ಲಿ ಕಬ್ಬಿಣದ ನೇಗಿಲು. ಯಾರು ಕೊಳ್ಳಬೇಕು? ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರಿಗೆ ಅಂಜಿಕೆ. ಮೊದಲ ನೇಗಿಲು ಖರ್ಚಾಗಲು ಎರಡು ವರ್ಷ ಕಾಯಬೇಕಾಯಿತು.

ನೇಗಿಲಿನ ಧಂದೆ ಸೈಕಲ್ಲಿನಂಥದ್ದಲ್ಲ. ಬೀಡು ಕಬ್ಬಿಣ ಹೊರಗಿನಿಂದ ಬರಬೇಕು, ಕಲ್ಲಿದ್ದಲು ಬರಬೇಕು, ತಯಾರಾದ ಮಾಲು ಹೊರಗೆ ಹೋಗಬೇಕು. ತೂಕ ಬಹಳ, ಬೆಲೆ ರೈತನ ಕೈಗೆ ಎಟುಕುವಷ್ಟೇ ಇಡಬೇಕು. ಸಾಗಾಟದ ರೊಕ್ಕ ಏರಿದರೆ ಲಾಭ ಅಲ್ಲೇ ಮುಳುಗಿತು. ಮೇಲಾಗಿ ಸವೆದ ಕುಳದ ಬದಲಿಗೆ ಬಿತ್ತನೆಗೆ ಮುಂಚೆ ಹೊಸದು ಸಿಗದಿದ್ದರೆ ರೈತ ಮತ್ತೆ ಕಟ್ಟಿಗೆಯ ನೇಗಿಲಿಗೇ ಹೋಗುತ್ತಾನೆ. ಹೀಗಾಗಿ ಟೇಶನ್ ಹತ್ತಿರ ಇರುವುದು ಇಂಥ ಕಾರ್ಖಾನೆಗೆ ಜೀವ ಇದ್ದಂತೆ. ಬೆಳಗಾವಿಯಲ್ಲಿ ಅದು ಇತ್ತು.

ಜಾಗ ಮಾತ್ರ ಉಳಿಯಲಿಲ್ಲ. ಊರು ಬೆಳೆಸುವುದಕ್ಕೆ ಈ ಭೂಮಿ ಬೇಕು, ಖಾಲಿ ಮಾಡಿ ಎಂದು ಪುರಸಭೆ ಹೇಳಿತು. ಹೊಸ ಬಡಾವಣೆ ಬೇಡವೆಂದು ಯಾರೂ ಹೇಳಲಾರರು. ಆದರೆ ಎದ್ದು ಹೋಗುವ ಕಾರ್ಖಾನೆಗೆ ಟೇಶನ್ ಸಮೀಪ ಬೇರೆ ತುಂಡು ಭೂಮಿ ತೋರಿಸುವ ಬುದ್ಧಿ ಆಗಿನ ದೊಡ್ಡ ಮಂದಿಗೆ ಬರಲಿಲ್ಲವಲ್ಲ, ಅದೇ ಚುಚ್ಚುವ ಮಾತು.

ಆ ಬುದ್ಧಿ ಬಂದದ್ದು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಗಳಿಗೆ. ಕುಂಡಲ್ ರೋಡ್ ಟೇಶನ್ನಿನ ಪಕ್ಕ 32 ಎಕರೆ ಭೂಮಿ ಕೊಟ್ಟರು, ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲ ಕೊಟ್ಟರು. ಭೂಮಿ ಅಂದರೆ ಪಾಪಾಸುಕಳ್ಳಿ ಮತ್ತು ಹಾವು, ಅಷ್ಟೇ. 1910ರಲ್ಲಿ ಲಕ್ಷ್ಮಣರಾಯರು ಸಂಸಾರ, ಯಂತ್ರ, ಆಳು ಎಲ್ಲ ಕಟ್ಟಿಕೊಂಡು ಅಲ್ಲಿಗೆ ಹೋದರು. ಕಿರ್ಲೋಸ್ಕರವಾಡಿ ಎದ್ದಿತು.

ಗಮನಿಸಬೇಕಾದ್ದು ಏನೆಂದರೆ, ಹಳಿ ಅದೇ. ಲೋಂಡಾ, ಗುಂಜಿ, ಖಾನಾಪುರ, ದೇಸೂರು, ಬೆಳಗಾವಿ ದಾಟಿ ಮಿರಜ್ ಮೇಲೆ ಪುಣೆಗೆ ಹೋಗುವ ಅದೇ ಮೀಟರ್ ಗೇಜ್. ತೊಂದರೆಯೂ ಎರಡೂ ಊರಿಗೆ ಒಂದೇ: ಮುಂಬಯಿಯ ಮಾಲು ಬ್ರಾಡ್ ಗೇಜಿನಲ್ಲಿ ಪುಣೆಗೆ ಬಂದು, ಅಲ್ಲಿ ಇಳಿದು, ಹಮಾಲರ ಹೆಗಲೇರಿ ಸಣ್ಣ ಡಬ್ಬಿಗೆ ಬದಲಾಗಬೇಕು. ಬೆಳಗಾವಿಗೆ ಇದ್ದ ರೈಲೇ ಕುಂಡಲಿಗೂ ಇತ್ತು, ಆದರೆ ಕೂಲಿ, ಮನೆ, ಶಾಲೆ, ಪೇಟೆ ಎಲ್ಲ ಬೆಳೆದದ್ದು ಕುಂಡಲಿನ ಬರಡು ಭೂಮಿಯಲ್ಲಿ.

1914ರ ಮಹಾಯುದ್ಧ ಬಂದಾಗ ಕಬ್ಬಿಣಕ್ಕೂ ಇದ್ದಿಲಿಗೂ ಬರ. ಕೊಲ್ಹಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಕೊಟ್ಟರು, ಅವೇ ಕರಗಿ ನೇಗಿಲಾದವು. ಮುಂದೆ ಪಂಪು, ಎಂಜಿನ್ ಎಂದು ಕಾರಭಾರ ಹಬ್ಬಿತು. 1941ರಲ್ಲಿ ಕಿರ್ಲೋಸ್ಕರರ ಹೆಸರು ಕರ್ನಾಟಕಕ್ಕೆ ವಾಪಸು ಬಂತು. ಬಂದದ್ದು ಬೆಳಗಾವಿಗಲ್ಲ, ಹರಿಹರಕ್ಕೆ. ಅದೂ ರೈಲಿನ ದಂಡೆಯ ಊರೇ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಬೆಳಗಾವಿಯಲ್ಲಿ ಎರಕದ ಕೆಲಸ ಮುಂದೆ ಬೇರೆಯವರ ಕೈಯಲ್ಲಿ ಬೆಳೆಯಿತು. ಖಾನಾಪುರ ರಸ್ತೆಯ ಉದ್ಯಮಬಾಗ್‌ನಲ್ಲಿ ಇವತ್ತು ಫೌಂಡ್ರಿಗಳ ಸಾಲೇ ಇದೆ, ಹೊರಗೆ ಲಾರಿಗಳ ಸಾಲು. ಮಿರಜ್-ಲೋಂಡಾ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಪುಣೆಯ ಗಾಡಿ ಹತ್ತಿದವರು ಮಿರಜ್ ದಾಟಿದ ಮೇಲೆ ಕಿಟಕಿಯಿಂದ ನೋಡಬಹುದು. ಕುಂಡಲ್ ರೋಡ್ ಎಂಬ ಬೋರ್ಡು ಈಗಿಲ್ಲ, ಕಿರ್ಲೋಸ್ಕರವಾಡಿ ಎಂದಿದೆ.