ಕಾಲ್ಮೆಟ್ ಮತ್ತು ಹಾವಿನ ಮದ್ದಿನ ಆಯಸ್ಸು

ನಮ್ಮಲ್ಲಿ ಬಹುಪಾಲು ಜನರ ತೋಳಿನ ಮೇಲೆ ಬಿಸಿಜಿ ಚುಚ್ಚುಮದ್ದಿನ ಕಲೆ ಇದೆ. ಆ ಹೆಸರಿನ ನಡುವಿನ ‘ಸಿ’ ಅಂದ್ರೆ ಫ್ರಾನ್ಸಿನ ವೈದ್ಯ ಆಲ್ಬೆರ್ ಕಾಲ್ಮೆಟ್. ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷಕ್ಕೂ ದಾರಿ ಹಾಕಿಕೊಟ್ಟವರಲ್ಲಿ ಅವರು ಪ್ರಮುಖರು.

ಕಾಲ್ಮೆಟ್ ಹುಟ್ಟಿದ್ದು 1863ರಲ್ಲಿ, ನೀಸ್ ಪಟ್ಟಣದಲ್ಲಿ. ಮೂವತ್ತು ತುಂಬುವ ಮೊದಲೇ, 1891ರಲ್ಲಿ, ವಿಯೆಟ್ನಾಂನ ಸೈಗಾನ್‌ನಲ್ಲಿ ಪಾಸ್ಚರ್ ಸಂಸ್ಥೆ ಕಟ್ಟಿದರು. ಅದೇ ವರ್ಷ ಬಾಕ್ ಲಿಯು ಕಡೆಯ ಹಳ್ಳಿಯೊಂದಕ್ಕೆ ನೆರೆಯ ಜೊತೆ ನಾಗರಹಾವುಗಳು ನುಗ್ಗಿ ಹಲವರನ್ನು ಕಚ್ಚಿದವು, ನಾಲ್ವರು ಸತ್ತರು. ಆ ಹಾವುಗಳನ್ನು ತರಿಸಿಕೊಂಡು ಕಾಲ್ಮೆಟ್ ವಿಷದ ಪ್ರಯೋಗ ಶುರುಮಾಡಿದರು. 1895ರಲ್ಲಿ ಫ್ರಾನ್ಸಿನ ಲಿಲ್ ನಗರದ ಪಾಸ್ಚರ್ ಸಂಸ್ಥೆಯ ಹೊಣೆ ಹೊತ್ತರು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಮದ್ದು ತೆಗೆಯುವುದು ಅವರ ವಿಧಾನ.

ಮದ್ದು ಭಾರತಕ್ಕೂ ಬಂತು. ನಾಗರಹಾವಿನ ಮದ್ದೇ ಎಲ್ಲ ಹಾವಿಗೂ ಸಾಕು ಅನ್ನೋದು ಕಾಲ್ಮೆಟ್‌ರ ನಂಬಿಕೆಯಾಗಿತ್ತು. ಆದರೆ 20ನೇ ಶತಮಾನದ ಆರಂಭದಲ್ಲಿ ಇಲ್ಲಿದ್ದ ವೈದ್ಯ ಜಾರ್ಜ್ ಲ್ಯಾಂಬ್ ಪರೀಕ್ಷಿಸಿದಾಗ, ಕೊಳಕುಮಂಡಲದ ವಿಷಕ್ಕೆ ಅದು ನಾಟಲಿಲ್ಲ. ಭಾರತದ ಸೆಕೆಯಲ್ಲಿ ಇಟ್ಟಷ್ಟೂ ಮದ್ದಿನ ಶಕ್ತಿ ಕುಗ್ಗುತ್ತೆ ಅಂತಲೂ ಲ್ಯಾಂಬ್ ಮತ್ತು ಹ್ಯಾನಾ ತೋರಿಸಿದರು. ಮದ್ದು ಕಂಡುಹಿಡಿದರಷ್ಟೇ ಸಾಲದು, ಹಳ್ಳಿ ಆಸ್ಪತ್ರೆಯ ಕಪಾಟಿನಲ್ಲೂ ಅದು ಬಾಳಬೇಕು ಅನ್ನೋ ಪ್ರಶ್ನೆ ಅಂದೇ ಎದ್ದಿತ್ತು.

ಕಾಲ್ಮೆಟ್ ಆಮೇಲೆ ಕ್ಷಯದ ಕಡೆ ತಿರುಗಿದರು. ಗೆರಾನ್ ಜೊತೆ ತಯಾರಿಸಿದ ಬಿಸಿಜಿ ಲಸಿಕೆಯನ್ನು 1921ರಲ್ಲಿ ಮೊದಲ ಸಲ ಮಗುವಿಗೆ ಕೊಡಲಾಯಿತು. 1933ರಲ್ಲಿ ಅವರು ತೀರಿಕೊಂಡರು.

ಹಾವಿನ ಮದ್ದಿನ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. ಅವಧಿ ಮುಗಿದ ಮಾರನೇ ದಿನವೇ ಮದ್ದು ಬರೀ ನೀರಾಗಿಬಿಡಲ್ಲ. ಅಮೆರಿಕದಲ್ಲಿ ಹವಳದ ಹಾವಿನ ಮದ್ದಿಗೆ ಕೊರತೆ ಬಂದಾಗ, ಉಳಿದ ದಾಸ್ತಾನನ್ನು ಪರೀಕ್ಷಿಸಿ ಸರ್ಕಾರವೇ ಹಲವು ಸಲ ಅವಧಿ ಮುಂದೂಡಿತು. ಹಾಗಂತ ತಂಪಿನಲ್ಲಿ ಜೋಪಾನವಾಗಿಟ್ಟ ಶೀಶೆಗೆ ಹೇಳಿದ ಮಾತು ಬಿಸಿಲಿಗೆ ಕಾದ ಶೀಶೆಗೆ ಹೊಂದಲ್ಲ. ಒಣಪುಡಿ ಮದ್ದು ದ್ರವಕ್ಕಿಂತ ಸೆಕೆ ತಡೆಯುತ್ತೆ, ಆದರೆ ಅದಕ್ಕೂ ಮಿತಿ ಇದೆ. ಕರಗಿಸಿದ ಮೇಲೂ ಮಸುಕಾಗಿದ್ದರೆ ಬಳಸಬಾರದು. ಇದನ್ನೆಲ್ಲ ತೀರ್ಮಾನಿಸಬೇಕಾದ್ದು ಪರೀಕ್ಷೆ ಮತ್ತು ವೈದ್ಯರು, ನಮ್ಮ ಅಂದಾಜು ಅಲ್ಲ.

ನಮ್ಮ ಬರ್ಚ್‌ವುಡ್‌ನಿಂದ ನೇರ ರೈಲಿರುವ ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಹಾವಿನ ವಿಷದ ಸಂಶೋಧನೆ ಇಂದಿಗೂ ನಡೀತಿದೆ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ನಾವೂ ಒಂದು ಕೆಲಸ ಮಾಡಬಹುದು: ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ಮದ್ದು ಸಿಗುತ್ತೆ, ಎಲ್ಲಿ ಇಟ್ಟಿದ್ದಾರೆ, ಅವಧಿ ಯಾವಾಗ ಮುಗಿಯುತ್ತೆ ಅಂತ ವಿಚಾರಿಸಿಡೋಕೆ ಮನೆಯವರಿಗೆ ಹೇಳೋಣ.