ಏಳು ತಂತಿಯ ಚೌಡಯ್ಯನವರು

ಸಂಗೀತ ಕಚೇರಿಯಲ್ಲಿ ನಡುವೆ ಕುಳಿತ ಗಾಯಕರ ಹೆಸರು ಜನರ ಬಾಯಲ್ಲಿ ನಿಲ್ಲುತ್ತದೆ. ಪಕ್ಕವಾದ್ಯದವರ ಹೆಸರು ಕೇಳಿದವರು ಮನೆ ಸೇರುವಷ್ಟರಲ್ಲಿ ಮರೆತುಹೋಗುತ್ತದೆ. ಪಕ್ಕದಲ್ಲಿಯೇ ಕುಳಿತು ಗಾಯಕರಷ್ಟೇ ಕೀರ್ತಿಯನ್ನು ಸಂಪಾದಿಸಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯರು ಪಿಟೀಲು ವಿದ್ವಾನ್ ಮೈಸೂರು ಟಿ. ಚೌಡಯ್ಯನವರು. ಸಿಂಗಟಗೆರೆಯ ಕಡೆಯವನಾದ ನನಗೆ ಭಜನೆಯ ತಾಳ, ನಾಟಕದ ಹಾರ್ಮೋನಿಯಂ ಪರಿಚಿತವೇ ಹೊರತು ಕಚೇರಿಯ ಸಂಗೀತವಲ್ಲ. ಆದರೂ ಈ ಮಹನೀಯರ ಜೀವನ ನನ್ನನ್ನು ಸೆಳೆಯಿತು. ಅದರ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಚೌಡಯ್ಯನವರು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಜನಿಸಿದರು. ಅವರ ಹೆಸರಿನ ಮುಂದಿನ ‘ಟಿ’ ಆ ಊರಿನದು. ಮುಂದೆ ತಾವು ರಚಿಸಿದ ಕೃತಿಗಳಿಗೆ ಇರಿಸಿಕೊಂಡ ‘ತ್ರಿಮಕುಟ’ ಎಂಬ ಅಂಕಿತವೂ ಆ ಊರನ್ನೇ ನೆನಪಿಸುತ್ತದೆ. 1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹೆಸರಾಂತ ಗಾಯಕರು, ಆಸ್ಥಾನ ವಿದ್ವಾಂಸರು. ಅವರ ಬಳಿ ಸುಮಾರು ಎಂಟು ವರ್ಷಗಳ ಶಿಕ್ಷಣ ನಡೆಯಿತು. ಪಿಟೀಲು ಹಿಡಿದವರಿಗೆ ಗಾಯಕರೇ ಗುರುಗಳಾಗಿ ದೊರೆತದ್ದು ಒಂದು ಸುಯೋಗವೇ ಸರಿ. ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆ, ಸಾಹಿತ್ಯದ ಪದ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅರಿತವರೇ ಹಾಡನ್ನು ನೆರಳಿನಂತೆ ಹಿಂಬಾಲಿಸಬಲ್ಲರು.

ಅಂದಿನ ಕಚೇರಿಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ಗಾಯಕರ ತುಂಬುಕಂಠ ಸಭೆಯ ಕೊನೆಯವರೆಗೆ ಮುಟ್ಟುತ್ತಿತ್ತು. ಪಿಟೀಲಿನ ನಾದ ಮುಂದಿನ ಸಾಲುಗಳಲ್ಲಿಯೇ ಅಡಗಿಬಿಡುತ್ತಿತ್ತು. ಹಿಂದೆ ಕುಳಿತವರಿಗೂ ತಮ್ಮ ವಾದ್ಯ ಕೇಳಬೇಕೆಂಬ ಹಂಬಲದಿಂದ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಜೊತೆಗೂಡಿಸಿದರು. ಕಮಾನಿನ ಒಂದೇ ಎಳೆತಕ್ಕೆ ಜೋಡಿ ತಂತಿಗಳು ನುಡಿದು ನಾದ ತುಂಬಿಕೊಂಡಿತು. ಆದರೆ ಒಂದೇ ಬೆರಳಿನ ಕೆಳಗೆ ಎರಡು ತಂತಿಗಳೂ ಶ್ರುತಿಶುದ್ಧವಾಗಿ ನುಡಿಯಬೇಕು. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಇಮ್ಮಡಿಯಾಗುತ್ತದೆ. ಇಂಥ ವಾದ್ಯವನ್ನು ಪಳಗಿಸಲು ಬೇಕಾದ ಸಾಧನೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಸಂಪ್ರದಾಯದ ವಾದ್ಯವನ್ನು ಹೀಗೆ ಬದಲಿಸುವುದು ಸರಿಯೇ ಎಂಬ ಪ್ರಶ್ನೆ ಯಾರಿಗಾದರೂ ಏಳುವಂತಹುದು. ಆದರೆ ಪಿಟೀಲೇ ಪರದೇಶದಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಒಂದು ಕಾಲದ ಹೊಸತೇ ಮುಂದಿನ ಕಾಲದ ಸಂಪ್ರದಾಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಘನ ವಿದ್ವಾಂಸರಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು; ಚೆಂಬೈಯವರ ಕಚೇರಿಯ ದೃಶ್ಯವೂ ಅದರಲ್ಲಿತ್ತು. 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ‘ಸಂಗೀತ ಕಲಾನಿಧಿ’ ಬಿರುದು ಅವರಿಗೆ ಸಂದಿತು. ಈ ನಡುವೆ ಧ್ವನಿವರ್ಧಕಗಳು ಕಚೇರಿಗಳಲ್ಲಿ ನೆಲೆಗೊಂಡವು. ಏಳು ತಂತಿಗಳು ಹುಟ್ಟಿದ ಕಾರಣವೇ ಸಡಿಲವಾಯಿತು. ಆದರೂ ಆ ತುಂಬುನಾದವೇ ಅವರ ಗುರುತಾಗಿ ಉಳಿಯಿತು. 1967ರಲ್ಲಿ ಅವರು ಕಾಲವಾದರು. ಬೆಂಗಳೂರಿನಲ್ಲಿ 1980ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನದ ಕಟ್ಟಡಕ್ಕೆ ಪಿಟೀಲಿನ ಆಕಾರವನ್ನೇ ಕೊಟ್ಟಿದ್ದಾರೆ.

ನನ್ನನ್ನು ಸೆಳೆದ ಕಾರಣವನ್ನು ಈಗ ಹೇಳುವೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮುಂದಿನ ಸಾಲಿನವರಿಗಷ್ಟೇ ಕೇಳುವ ವಿದ್ಯೆ ನಮ್ಮಂಥವರ ಮನೆಗಳಿಗೆ ತಲಪುವುದು ಎಷ್ಟು ತಡವೆಂದು ಬಲ್ಲೆ. ಕೊನೆಯ ಸಾಲಿನಲ್ಲಿ ಕುಳಿತವನನ್ನು ನೆನೆದು ತನ್ನ ವಾದ್ಯವನ್ನೇ ತಿದ್ದಿಕೊಂಡ ವಿದ್ವಾಂಸರೊಬ್ಬರು ನಮ್ಮ ನಾಡಿನಲ್ಲಿದ್ದರು. ಈ ವರ್ಷ ಇಲ್ಲಿಂದ ಹೊರಡುವ ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ನಮ್ಮ ಮಾತು ಕೊನೆಯ ಬೆಂಚಿಗೆ ಕೇಳಿಸದಿದ್ದರೆ, ಕೇಳುವವನನ್ನು ದೂರುವ ಮೊದಲು ನಮ್ಮ ತಂತಿಗಳನ್ನು ಎಣಿಸಿಕೊಳ್ಳೋಣ.