ಕಿಟ್ಟೆಲ್: ಪರಭಾಷೆ ಕಲಿಯುವವರಿಗೊಂದು ಮೇಲ್ಪಂಕ್ತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪೇಕ್ಷಿಸಿದರು. ಕನ್ನಡ ನಾಡಿನಲ್ಲಿ ಸ್ಮರಿಸಬೇಕಾದ ಶರಣರಿಗೂ ಕವಿಗಳಿಗೂ ಕೊರತೆಯಿಲ್ಲ. ಅವರ ಚರಿತ್ರೆಯನ್ನು ನಮ್ಮ ಮಕ್ಕಳು ಪಠ್ಯಪುಸ್ತಕಗಳಲ್ಲಿ ಓದುತ್ತಲೇ ಇದ್ದಾರೆ. ಆದುದರಿಂದ ನಾನು ಬೇರೊಂದು ದೃಷ್ಟಿಯಿಂದ, ಕನ್ನಡವು ಮನೆಮಾತಲ್ಲದ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕನ್ನಡ ನಾಡಿಗೆ ಕಾಲಿಟ್ಟು, ಕೊನೆಗೆ ಕನ್ನಡಿಗರಿಗೇ ಕನ್ನಡದ ಸಂಪತ್ತನ್ನು ಎಣಿಸಿ ಕೊಟ್ಟ ಒಬ್ಬ ವಿದೇಶೀಯರನ್ನು ಆರಿಸಿಕೊಂಡಿದ್ದೇನೆ. ಅವರೇ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಈ ಆಯ್ಕೆಗೆ ಕಾರಣ ನಮ್ಮ ಸೀಮೆಯ ಸ್ಥಿತಿಯೇ ಆಗಿದೆ. ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು ಆಗಿತ್ತು. 1956ರ ನವೆಂಬರ್ 1ರಿಂದ ನಾವು ಆಂಧ್ರ ಪ್ರದೇಶದವರಾದೆವು, 2014ರಲ್ಲಿ ತೆಲಂಗಾಣದವರಾದೆವು. ಕಚೇರಿಯ ಭಾಷೆ ತೆಲುಗಾಯಿತು. ಆದರೆ ಒಲೆಯ ಮುಂದಿನ ಮಾತು, ತೊಟ್ಟಿಲ ಹಾಡು, ಭಜನೆಯ ಪದ ಕನ್ನಡವಾಗಿಯೇ ಉಳಿದವು. ಕಲ್ಹೇರಿನ ಕನ್ನಡದ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್, ಹೀಗೆ ನಾಲ್ಕು ನುಡಿಗಳ ನಡುವೆ ಬೆಳೆಯುತ್ತದೆ. ಪಾಲಕರಿಗೆ ಇದೊಂದು ಭಾರವಾಗಿ ತೋರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಬೇರೆ ಭಾಷೆಗಳಲ್ಲಿ ಹಿಂದೆ ಬೀಳುವುದೆಂಬ ಅಂಜಿಕೆಯಿಂದ ಮಕ್ಕಳನ್ನು ನಮ್ಮಂತಹ ಶಾಲೆಗಳಿಂದ ಬಿಡಿಸುವವರೂ ಇದ್ದಾರೆ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಬದುಕೆಲ್ಲ ಮೇಷ್ಟ್ರಾಗಿದ್ದ ನಾನು ಆ ಅಂಜಿಕೆಗೆ ಉತ್ತರವನ್ನು ಕಿಟ್ಟೆಲರ ಬಾಳಿನಲ್ಲಿ ಕಂಡಿದ್ದೇನೆ.

ಕಿಟ್ಟೆಲರು ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸಿಯಾ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಅದನ್ನು ಬಹುದೂರ ಮೀರಿಸುವ ನಿಘಂಟನ್ನು ಆ ವರ್ಷವೇ ಹುಟ್ಟಿದ ಶಿಶುವೊಂದು ಮುಂದೆ ರಚಿಸುವುದೆಂದು ಯಾರು ತಾನೆ ಎಣಿಸಿದ್ದರು! ತಂದೆ ಪಾದ್ರಿಗಳಾಗಿದ್ದರು. ಆ ಸೀಮೆಯ ಹಳ್ಳಿಗರ ಆಡುನುಡಿ ಕೆಳಜರ್ಮನ್, ಶಾಲೆಯ ಮತ್ತು ಗ್ರಂಥಗಳ ಭಾಷೆ ಶಿಷ್ಟ ಜರ್ಮನ್. ಊರ ಮಾತೊಂದು, ಪುಸ್ತಕದ ಮಾತೊಂದು ಎಂಬುದು ನಮ್ಮ ಗಡಿನಾಡಿನ ಮಕ್ಕಳಂತೆ ಅವರಿಗೂ ಬಾಲ್ಯದಿಂದಲೇ ಪರಿಚಿತವಾಗಿತ್ತು. ಔರಿಖ್ ಪಟ್ಟಣದ ಶಾಲೆಯಲ್ಲಿ ಅವರು ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು ಅಭ್ಯಾಸ ಮಾಡಿದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೇರಿ, ಮೂರು ವರ್ಷಗಳ ಶಿಕ್ಷಣದ ತರುವಾಯ 1853ರಲ್ಲಿ ಭಾರತಕ್ಕೆ ಹೊರಟರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅವರು ಬಂದದ್ದು ಕನ್ನಡ ಸೇವೆಗಾಗಿ ಅಲ್ಲ, ಕ್ರೈಸ್ತ ಧರ್ಮ ಪ್ರಚಾರಕ್ಕಾಗಿ. ಕನ್ನಡವು ಅವರಿಗೆ ಆರಂಭದಲ್ಲಿ ಒಂದು ಉಪಕರಣ ಮಾತ್ರವಾಗಿತ್ತು. ಆದರೆ ಬಾವಿಯಿಂದ ನೀರು ಸೇದಲು ಬಂದವನು ಬಾವಿಯ ಸೆಲೆಯನ್ನೇ ಹುಡುಕಿ ಇಳಿದಂತೆ, ಅವರು ದಿನಗಳೆದಂತೆ ಭಾಷೆಯ ಆಳಕ್ಕೆ ಇಳಿದರು. ಅನ್ಯಭಾಷೆಯನ್ನು ಕಲಿಯುವವರ ಮನಸ್ಸನ್ನು ಕುರಿತು ಕೆನಡಾ ದೇಶದ ಗಾರ್ಡ್‌ನರ್ ಮತ್ತು ಲ್ಯಾಂಬರ್ಟ್ ಎಂಬ ವಿದ್ವಾಂಸರು 1972ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕಲಿಯುವವರ ಪ್ರೇರಣೆ ಎರಡು ಬಗೆಯದೆಂದು ಅವರು ವಿಂಗಡಿಸಿದ್ದಾರೆ. ಒಂದು, ನೌಕರಿ ಮುಂತಾದ ಪ್ರಯೋಜನಕ್ಕಾಗಿ ಕಲಿಯುವುದು. ಮತ್ತೊಂದು, ಆ ಭಾಷೆಯ ಜನರೊಡನೆ ಬೆರೆಯಬೇಕೆಂಬ ಬಯಕೆಯಿಂದ ಕಲಿಯುವುದು. ಕಿಟ್ಟೆಲರ ಬಾಳಿನಲ್ಲಿ ಮೊದಲನೆಯದು ಎರಡನೆಯದಾಗಿ ಮಾರ್ಪಟ್ಟಿತೆಂಬುದೇ ಅವರ ಚರಿತ್ರೆಯ ತಿರುಳು.

ಮಂಗಳೂರಿಗೆ ಬಂದ ಅವರನ್ನು ಧಾರವಾಡಕ್ಕೆ ನೇಮಿಸಲಾಯಿತು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡದ ನೆಲದಲ್ಲಿಯೇ ಮರಾಠಿಯ ಪ್ರಾಬಲ್ಯವಿದ್ದು, ಡೆಪ್ಯೂಟಿ ಚನ್ನಬಸಪ್ಪನವರಂತಹ ಹಿರಿಯರು ಕನ್ನಡ ಶಾಲೆಗಳಿಗಾಗಿ ಹೆಣಗಿದ ಕಾಲವದು. ಕನ್ನಡಿಗರೇ ಕನ್ನಡದ ಶಕ್ತಿಯನ್ನು ಸಂದೇಹಿಸುತ್ತಿದ್ದ ಅಂತಹ ವಾತಾವರಣದಲ್ಲಿ ಈ ಜರ್ಮನ್ ಯುವಕ ಹಳ್ಳಿಗಳಲ್ಲಿ ಸಂಚರಿಸಿ ಜನರ ಮಾತಿಗೆ ಕಿವಿಗೊಟ್ಟರು. ಮಿಶನ್ನಿನ ಹಿರಿಯರೊಡನೆ ಅವರಿಗೆ ಭಿನ್ನಾಭಿಪ್ರಾಯಗಳು ತಲೆದೋರಿದವು. ಅಲ್ಲಿಂದ ನೀಲಗಿರಿಗೆ, ಅನಂತರ ಮಂಗಳೂರಿಗೆ ಅವರ ಸ್ಥಳಾಂತರವಾಯಿತು. ಪಾದ್ರಿಯೊಬ್ಬರು ಇಷ್ಟೊಂದು ಕಾಲವನ್ನು ಭಾಷಾಭ್ಯಾಸಕ್ಕೆ ಮೀಸಲಿಡುವುದು ಸಹೋದ್ಯೋಗಿಗಳಲ್ಲಿ ಕೆಲವರಿಗೆ ಸರಿಬರಲಿಲ್ಲ. ಸಂಸಾರದಲ್ಲಿಯೂ ಕಷ್ಟಗಳು ತಪ್ಪಲಿಲ್ಲ. 1860ರಲ್ಲಿ ಪೌಲೀನಾ ಎಂಬವರನ್ನು ವಿವಾಹವಾದರು. ಆಕೆ 1864ರಲ್ಲಿಯೇ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಅವರ ಕೈಹಿಡಿದರು.

ಇಷ್ಟರ ನಡುವೆಯೂ ಅವರ ಲೇಖನಿ ನಿಲ್ಲಲಿಲ್ಲ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡುವಂತೆ ಅಳವಡಿಸಿದ ಕಥಾಮಾಲೆಯನ್ನು ಹೊರತಂದರು. ಭಾರತಕ್ಕೆ ಬಂದು ಒಂಬತ್ತೇ ವರ್ಷಗಳಾಗಿದ್ದ ವಿದೇಶೀಯರು ಕನ್ನಡದಲ್ಲಿ ಪದ್ಯ ರಚಿಸಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಆಡುಮಾತನ್ನು ಬಲ್ಲವರು ಅನೇಕರಿರಬಹುದು, ಗಣ ಮಾತ್ರೆಗಳನ್ನು ಬಲ್ಲವರು ಊರಿಗೊಬ್ಬರಿದ್ದರೆ ಹೆಚ್ಚು. ತರುವಾಯ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹಸ್ತಪ್ರತಿಗಳ ಆಧಾರದಿಂದ ಸಂಪಾದಿಸಿ ಪ್ರಕಟಿಸಿದರು. ಒಂದು ಕನ್ನಡದ ವ್ಯಾಕರಣ, ಮತ್ತೊಂದು ಕನ್ನಡದ ಛಂದಸ್ಸು. ಮನೆ ಕಟ್ಟುವವನು ಮೊದಲು ಅಡಿಪಾಯವನ್ನು ಪರೀಕ್ಷಿಸುವಂತೆ, ನಿಘಂಟಿನ ಮಹಾಕಾರ್ಯ ಮುಗಿಯುವುದಕ್ಕೆ ಬಹು ಮುಂಚೆಯೇ ಅವರು ಭಾಷೆಯ ಕಟ್ಟನ್ನು ಬಲ್ಲವರಾಗಿದ್ದರು.

ನಿಘಂಟಿನ ಕೆಲಸಕ್ಕೆ ಅವರು ಮುಡಿಪಾಗಿಟ್ಟದ್ದು ಸುಮಾರು ಇಪ್ಪತ್ತು ವರ್ಷಗಳು. 1877ರಲ್ಲಿ ಜರ್ಮನಿಗೆ ಮರಳಿ ಅಲ್ಲಿಂದಲೇ ಅದನ್ನು ಮುಂದುವರಿಸಿದರು. ಆದರೆ ಪದಗಳನ್ನು ಆಡುವ ಜನರೇ ಬಳಿಯಲ್ಲಿಲ್ಲದೆ ಪದಗಳ ಅರ್ಥವನ್ನು ನಿರ್ಧರಿಸುವುದು ಹೇಗೆ? ಆ ಕಾರಣದಿಂದ 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಮತ್ತೆ ಸಮುದ್ರ ದಾಟಿ ಕನ್ನಡ ನಾಡಿಗೆ ಬಂದರು. 1892ರವರೆಗೆ ಇಲ್ಲಿದ್ದು ಕೆಲಸ ಪೂರೈಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಅದರ ಪುಟಗಳು 1,752, ಪದಗಳು ಸುಮಾರು 70,000.

ಈ ಗ್ರಂಥವನ್ನು ಪುಟ ತಿರುವಿ ನೋಡಿದವರಿಗೆ ಅವರ ಕಲಿಕೆಯ ರೀತಿಯೇ ಗೋಚರಿಸುತ್ತದೆ. ಪದವು ಯಾವ ಕಾವ್ಯದಲ್ಲಿದೆ, ಮೈಸೂರು ಕಡೆ ಕೇಳಿಬರುವುದೋ, ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದ ಧಾರವಾಡದ ಕಡೆಯದೋ ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ತಮಿಳು, ಮಲಯಾಳಂ, ತೆಲುಗು, ತುಳು ನುಡಿಗಳಲ್ಲಿನ ಸಂಬಂಧಿ ಪದಗಳನ್ನು ಕೊಟ್ಟಿದ್ದಾರೆ. ಹಿಂದುಸ್ತಾನಿಯಿಂದಲೂ ಮರಾಠಿಯಿಂದಲೂ ಬಂದ ಪದಗಳನ್ನು ಮೈಲಿಗೆಯೆಂದು ಹೊರಗಿಡದೆ, ಬಂದ ದಾರಿಯನ್ನು ಗುರುತಿಸಿ ಒಳಗೆ ಕೂಡಿಸಿದ್ದಾರೆ. ಗಾದೆಮಾತುಗಳಿಗಂತೂ ಲೆಕ್ಕವೇ ಇಲ್ಲ. ಪಂಪ ರನ್ನರ ಪದಕ್ಕೂ ಒಕ್ಕಲಿಗನ ಪದಕ್ಕೂ ಒಂದೇ ಪಂಕ್ತಿಯಲ್ಲಿ ಮಣೆ ಹಾಕಿದ ಗ್ರಂಥವದು.

ಇತ್ತೀಚೆಗೆ ಶಿಕ್ಷಣ ತಜ್ಞರು ಫ್ಲಿಪ್ಡ್ ಲರ್ನಿಂಗ್ ಎಂಬ ಪದ್ಧತಿಯನ್ನು ಬಹಳವಾಗಿ ಹೇಳುತ್ತಿದ್ದಾರೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ಶಾಲಾ ಶಿಕ್ಷಕರು 2007ರ ಸುಮಾರಿಗೆ ಪಾಠಗಳನ್ನು ಮೊದಲೇ ಚಿತ್ರೀಕರಿಸಿ ಮಕ್ಕಳಿಗೆ ಕೊಟ್ಟರು. ಮಕ್ಕಳು ಪಾಠವನ್ನು ಮನೆಯಲ್ಲಿ ಕೇಳಿಬರಬೇಕು. ತರಗತಿಯ ಕಾಲವು ಪ್ರಶ್ನೆ, ಅಭ್ಯಾಸ, ಸಂಭಾಷಣೆಗಳಿಗೆ ಮೀಸಲು. ಹೆಸರು ಹೊಸದು, ಉಪಕರಣವೂ ಹೊಸದು. ಆದರೆ ತತ್ವವು ನಿಘಂಟುಕಾರನ ಕೆಲಸದಲ್ಲಿಯೇ ಅಡಗಿದೆ. ನಿಘಂಟು ಬರೆಯುವವನು ಪಂಡಿತರ ಮುಂದೆ ಬರಿಗೈಯಲ್ಲಿ ಕೂಡಲಾರ. ಕಾವ್ಯವನ್ನು ತಾನೇ ಓದಿ, ಹಳ್ಳಿಯಲ್ಲಿ ತಾನೇ ಕೇಳಿ, ತಿಳಿಯದ ಪದಗಳ ಪಟ್ಟಿಯನ್ನು ಹಿಡಿದುಕೊಂಡೇ ಹೋಗಬೇಕು. ಕಿಟ್ಟೆಲರಿಗೆ ನೆರವಾದ ದೇಶೀಯ ಪಂಡಿತರ ವಿದ್ವತ್ತು ಫಲಿಸಿದ್ದು ಕೇಳುವವರ ಸಿದ್ಧತೆಯಿಂದ. ಸಿದ್ಧನಾಗಿ ಬಂದ ಶಿಷ್ಯನಿಗೆ ಗುರುವು ಹತ್ತು ಪಟ್ಟು ಕೊಡಬಲ್ಲನೆಂಬುದು ನನ್ನ ಅನುಭವವೂ ಹೌದು.

ಬುದ್ಧಿಯು ಹುಟ್ಟಿನಿಂದಲೇ ಅಳೆದು ಕೊಟ್ಟದ್ದು ಎಂದು ನಂಬುವವನು ಬೇಗ ಕೈಚೆಲ್ಲುತ್ತಾನೆ, ಪರಿಶ್ರಮದಿಂದ ಬೆಳೆಯುವುದೆಂದು ನಂಬುವವನು ಮುಂದುವರಿಯುತ್ತಾನೆ ಎಂಬುದನ್ನು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2006ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ನಮ್ಮಲ್ಲಿ ಇಂಗ್ಲಿಷ್ ನಮ್ಮ ಮಕ್ಕಳಿಗೆ ಹತ್ತದು ಎಂಬ ಮಾತನ್ನು ಮಕ್ಕಳ ಎದುರಿನಲ್ಲಿಯೇ ಆಡುತ್ತೇವೆ. ಕಿಟ್ಟೆಲರ ಮನೆತನದಲ್ಲಿ ಕನ್ನಡದ ಗಾಳಿಯೂ ಸುಳಿದಿರಲಿಲ್ಲ. ರೀವ್ ಅವರ ನಿಘಂಟು, ಮೊಗ್ಲಿಂಗ್ ಮೊದಲಾದವರು ಅಚ್ಚು ಮಾಡಿಸಿದ್ದ ಕೆಲವು ಕಾವ್ಯಗಳು, ಹಸ್ತಪ್ರತಿಗಳು, ಜನರ ಬಾಯಿ ಇವಿಷ್ಟೇ ಅವರ ಶಾಲೆ. ಇಷ್ಟರಲ್ಲಿಯೇ ಅವರಿಗೆ ಕನ್ನಡ ಹತ್ತಿತೆಂದ ಮೇಲೆ ನಮ್ಮ ಮಕ್ಕಳಿಗೆ ಯಾವ ಭಾಷೆ ಹತ್ತದು?

ಇನ್ನು ಕನ್ನಡವು ಅನ್ಯಭಾಷೆಗೆ ಅಡ್ಡಿಯೆಂಬ ಮಾತು. ಕಿಟ್ಟೆಲರ ನಿಘಂಟಿನಿಂದ ಕಲಿತ ಒಂದು ಉಪಾಯವನ್ನು ನಾನು ತರಗತಿಯಲ್ಲಿ ಬಳಸುತ್ತಿದ್ದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿದೆ. ತೆಲುಗಿನಲ್ಲಿ ಪಕಾರವಾಗಿಯೇ ಉಳಿದಿದೆ. ನಮ್ಮ ಹಾಲು ಹಳಗನ್ನಡದಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ನಮ್ಮ ಹುಲಿ ಎರಡರಲ್ಲಿಯೂ ಪುಲಿ. ನಮ್ಮ ಹೂವು ಅಲ್ಲಿ ಪುವ್ವು, ಹಾವು ಅಲ್ಲಿ ಪಾಮು. ಈ ಕೀಲಿಕೈ ದೊರೆತ ಮಗುವಿಗೆ ಸಂತೆಯ ತೆಲುಗೇ ಹಳಗನ್ನಡದ ಬಾಗಿಲನ್ನು ತೆರೆಯುತ್ತದೆ. ಮನೆಯ ಕನ್ನಡವು ತೆಲುಗಿನ ಬಾಗಿಲನ್ನು ತೆರೆಯುತ್ತದೆ. ಬೆಂಗಳೂರು, ಮೈಸೂರಿನ ಮಕ್ಕಳು ಬಾಯಿಪಾಠ ಮಾಡಬೇಕಾದದ್ದನ್ನು ಕಲ್ಹೇರಿನ ಮಗು ಹಾಲು ಮಾರುವವನ ಕೂಗಿನಲ್ಲಿಯೇ ಕೇಳುತ್ತದೆ. ಗಡಿನಾಡಿನವರೆಂಬುದು ನಮ್ಮ ದೌರ್ಬಲ್ಯವಲ್ಲ, ನಮ್ಮ ಬಂಡವಾಳ. ಆದರೆ ಮನೆಮಾತನ್ನೇ ಬಿಟ್ಟುಕೊಟ್ಟರೆ ಬಂಡವಾಳ ಕರಗಿಹೋಗುತ್ತದೆ. ಹೋಲಿಸಿ ನೋಡಲು ಕೈಯಲ್ಲೇನೂ ಉಳಿಯದು.

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ಇಂಗ್ಲಿಷ್ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ಅವರು ದೈವಾಧೀನರಾದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ. ನಿಘಂಟನ್ನು ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡದ ಪದವೊಂದರ ಹುಟ್ಟನ್ನು ಅರಸುವ ವಿದ್ವಾಂಸರು ಇಂದಿಗೂ ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಹೈದರಾಬಾದಿನಲ್ಲಿ, ಬೀದರಿನಲ್ಲಿ, ದೂರದ ದೇಶಗಳಲ್ಲಿ ನೆಲೆಸಿದ್ದೀರಿ. ದಿನಕ್ಕೆ ಮೂರು ನಾಲ್ಕು ಭಾಷೆಗಳಲ್ಲಿ ವ್ಯವಹರಿಸುತ್ತೀರಿ. ಆ ಕಲಿಕೆಯ ಮೊದಲ ಮೆಟ್ಟಿಲು ಈ ಶಾಲೆಯ ಕನ್ನಡದ ಕಾಗುಣಿತವೆಂಬುದನ್ನು ನಿಮ್ಮ ಮಕ್ಕಳಿಗೆ ತಿಳಿಸಿರಿ. ಪಾಲಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಮಗು ನಾಲ್ಕು ಭಾಷೆ ಕಲಿಯಲಿ, ಐದನೆಯದನ್ನೂ ಕಲಿಯಲಿ. ಮನೆಮಾತನ್ನು ಬಿಟ್ಟು ಮಾತ್ರ ಕಲಿಯದಿರಲಿ. ಶಿಕ್ಷಕ ಮಿತ್ರರು ಪಾಠವನ್ನು ಒಪ್ಪಿಸುವುದಕ್ಕಿಂತ ಮಗುವೇ ಪ್ರಶ್ನೆ ಹಿಡಿದುಕೊಂಡು ಬರುವಂತೆ ಮಾಡಲಿ. ಶಾಲೆಯ ಗ್ರಂಥಾಲಯದಲ್ಲಿ ಕಿಟ್ಟೆಲರ ನಿಘಂಟಿನ ಒಂದು ಪ್ರತಿ, ಬೀರುವಿನಲ್ಲಿ ಬೀಗ ಹಾಕಿಡದೆ, ಮಕ್ಕಳ ಕೈಗೆಟಕುವಂತೆ ಇರಲೆಂದು ಹಾರೈಸುತ್ತ ಈ ಲೇಖನವನ್ನು ಮುಗಿಸುತ್ತೇನೆ.